ತಾಯಿಯ ಅಂಡಾಣು, ತಂದೆಯ ವೀರ್ಯಾಣು

ಮದುವೆಯಾಗಿ ಮೂರು ವರ್ಷ ಕಳೆದರೂ ಮನೆಯಲ್ಲಿ ತೊಟ್ಟಿಲು ತೂಗದಿದ್ದರೆ ಹರಕೆ ಹೊರುವವಳು ಸೊಸೆ. ನಾಗರಕಲ್ಲಿಗೆ ಪ್ರದಕ್ಷಿಣೆ ಹಾಕುವವಳು ಸೊಸೆ. ವೈದ್ಯರ ಮುಂದೆ ಕೂರುವವಳೂ ಸೊಸೆಯೆ. ಮಗನನ್ನು ಕೇಳುವವರು ಕಡಿಮೆ. ಮೂರನೆಯ ಮಗುವೂ ಹೆಣ್ಣಾಯಿತೆಂದರೆ ಆ ಮಾತೂ ಅವಳ ತಲೆಗೇ. ಇದರಲ್ಲಿ ಹುರುಳೆಷ್ಟು ಎಂಬುದನ್ನು ತಿಳಿಯಬೇಕಾದರೆ ಅಂಡಾಣುವೂ ವೀರ್ಯಾಣುವೂ ರೂಪುಗೊಳ್ಳುವ ಬಗೆಯನ್ನು ನೋಡಬೇಕು. ಸಂಕೋಚ ಬೇಡ, ಮನೆಮಂದಿಯೆಲ್ಲ ಕುಳಿತು ಓದಬಹುದಾದ ವಿಷಯವೇ ಇದು.

ನಮ್ಮ ಮೈಯ ಸಾಮಾನ್ಯ ಜೀವಕೋಶದಲ್ಲಿ 46 ವರ್ಣತಂತುಗಳಿವೆ. ಬಹುಕಾಲ 48 ಎಂದೇ ಪುಸ್ತಕಗಳು ಹೇಳುತ್ತಿದ್ದವು. 1956ರಲ್ಲಿ ಜಿಯೊ ಮತ್ತು ಲೆವಾನ್ ಎಂಬಿಬ್ಬರು ವಿಜ್ಞಾನಿಗಳು ಆ ಎಣಿಕೆಯನ್ನು ತಿದ್ದಿದರು. ಇವು 23 ಜೋಡಿ. ಪ್ರತಿ ಜೋಡಿಯಲ್ಲೂ ಒಂದು ತಂದೆಯಿಂದ ಬಂದದ್ದು, ಒಂದು ತಾಯಿಯಿಂದ ಬಂದದ್ದು. ಅಂಡಾಣು, ವೀರ್ಯಾಣುಗಳೂ 46ನ್ನೇ ಹೊತ್ತು ಬಂದು ಕೂಡಿದರೆ ಮಗುವಿಗೆ 92, ಮೊಮ್ಮಗುವಿಗೆ 184 ಆಗಬೇಕಾಗುತ್ತಿತ್ತು! ಹಾಗಾಗದಂತೆ ಈ ಕೋಶಗಳು ಬೇರೆಯದೇ ರೀತಿಯಲ್ಲಿ ಒಡೆಯುತ್ತವೆ. ತಂತುಗಳು ಒಮ್ಮೆ ಇಮ್ಮಡಿಸಿ, ಎರಡು ಸಲ ಹಂಚಿಹೋಗುತ್ತವೆ. ಕೊನೆಗೆ ಉಳಿಯುವುದು 23. ಹಂಚಿಕೆಗೆ ಮುನ್ನ ಜೋಡಿತಂತುಗಳು ಒತ್ತಟ್ಟಿಗೆ ಬಂದು ತುಣುಕುಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಒಡಹುಟ್ಟಿದವರು ಒಂದೇ ಅಚ್ಚಿನಲ್ಲಿರದಿರಲು ಇದೊಂದು ಕಾರಣ.

ಹೆಣ್ಣಿನಲ್ಲಿ ಈ ಕೆಲಸ ಆರಂಭವಾಗುವುದು ಆಕೆ ಹುಟ್ಟುವ ಮೊದಲೇ. ಗರ್ಭಕ್ಕೆ ಐದು ತಿಂಗಳಾಗುವ ಹೊತ್ತಿಗೆ ಹೆಣ್ಣು ಶಿಶುವಿನ ಅಂಡಾಶಯಗಳಲ್ಲಿ ಸುಮಾರು 60–70 ಲಕ್ಷ ಅಂಡಕೋಶಗಳಿರುತ್ತವೆ. ಬಹುಪಾಲು ನಶಿಸಿ, ಹುಟ್ಟುವಾಗ ಹತ್ತು–ಇಪ್ಪತ್ತು ಲಕ್ಷ. ಮೈನೆರೆಯುವ ವೇಳೆಗೆ ಮೂರು–ನಾಲ್ಕು ಲಕ್ಷ. ಜೀವಮಾನದಲ್ಲಿ ಪಕ್ವವಾಗಿ ಹೊರಬರುವುದು ನಾನೂರು–ಐನೂರು ಮಾತ್ರ. ಉಳಿದವು ಮೊದಲ ವಿಭಜನೆಯನ್ನು ಅರ್ಧಕ್ಕೆ ನಿಲ್ಲಿಸಿ, ಕೆಲವು ನಲವತ್ತು ವರ್ಷಗಳವರೆಗೂ, ಸುಮ್ಮನೆ ಕಾದಿರುತ್ತವೆ. ಹಾಗೆ ನೋಡಿದರೆ, ನೀವು ಮೊಳೆತ ಆ ಅಂಡಕೋಶ ಮೊದಲು ರೂಪುಗೊಂಡದ್ದು ನಿಮ್ಮ ತಾಯಿ ನಿಮ್ಮ ಅಜ್ಜಿಯ ಬಸಿರಲ್ಲಿದ್ದಾಗ! ಎರಡನೆಯ ವಿಭಜನೆಯಂತೂ ವೀರ್ಯಾಣು ಒಳಹೊಕ್ಕ ಮೇಲೆಯೇ ಪೂರ್ಣವಾಗುವುದು. ಹಂಚಿಕೆಯೂ ಸಮವಲ್ಲ: ಬುತ್ತಿಯೆಲ್ಲ ಒಂದು ಅಂಡಾಣುವಿಗೇ, ಜೊತೆಯ ಪುಟ್ಟ ಕೋಶಗಳು ಸೊರಗಿಹೋಗುತ್ತವೆ. ಬಹುಕಾಲ ಕಾದ ಅಂಡಗಳಲ್ಲಿ ತಂತುಗಳ ಹಂಚಿಕೆ ತಪ್ಪುವ ಸಂಭವ ಹೆಚ್ಚು. ವಯಸ್ಸಾದ ಮೇಲೆ ಗರ್ಭ ನಿಲ್ಲುವುದು ಕಷ್ಟವಾಗುವುದಕ್ಕೆ ಇದೂ ಒಂದು ಕಾರಣ.

ಗಂಡಸಿನದು ಬೇರೆಯೇ ಲೆಕ್ಕ. ಹರೆಯದಲ್ಲಿ ಆರಂಭವಾದ ಕೆಲಸ ಮುಪ್ಪಿನವರೆಗೂ ನಿಲ್ಲುವುದಿಲ್ಲ; ವೃಷಣದ ಸಣ್ಣ ನಾಳಗಳಲ್ಲಿ ದಿನಂಪ್ರತಿ ಕೋಟಿಗಟ್ಟಲೆ ವೀರ್ಯಾಣುಗಳು ಸಿದ್ಧವಾಗುತ್ತವೆ. ಇಲ್ಲಿ ಒಂದು ಕೋಶದಿಂದ ನಾಲ್ಕು ವೀರ್ಯಾಣುಗಳು. ಇಡೀ ಕ್ರಿಯೆಗೆ ಎರಡು ತಿಂಗಳ ಮೇಲೆ ಹಿಡಿಯುತ್ತದೆ. ಮೈಯ ಶಾಖಕ್ಕಿಂತ ಎರಡು–ಮೂರು ಡಿಗ್ರಿ ತಂಪು ಬೇಕಾದ್ದರಿಂದಲೇ ವೃಷಣಗಳು ಹೊಟ್ಟೆಯ ಹೊರಗಿವೆ. ಗಂಡುಮಗುವಿನ ವೃಷಣ ಕೆಳಗಿಳಿಯದೆ ಹೊಟ್ಟೆಯೊಳಗೇ ಉಳಿದಿದ್ದರೆ, ದೊಡ್ಡವನಾದ ಮೇಲೆ ತಾನೇ ಸರಿಹೋದೀತೆಂದು ಕೂರದೆ, ಆರು ತಿಂಗಳೊಳಗೇ ವೈದ್ಯರಿಗೆ ತೋರಿಸಬೇಕು.

ಇನ್ನು ಗಂಡೋ ಹೆಣ್ಣೋ ಎಂಬ ಮಾತು. ತಾಯಿಯ ಅಂಡಾಣುವಿನಲ್ಲಿರುವುದು ಎಕ್ಸ್ ತಂತು ಮಾತ್ರ. ವೀರ್ಯಾಣುಗಳಲ್ಲಿ ಅರ್ಧದಷ್ಟಕ್ಕೆ ಎಕ್ಸ್, ಅರ್ಧದಷ್ಟಕ್ಕೆ ವೈ. ವೈ ಬಂದು ಸೇರಿದರೆ ಗಂಡು, ಎಕ್ಸ್ ಸೇರಿದರೆ ಹೆಣ್ಣು. ಯಾವುದು ಸೇರಬೇಕೆಂಬುದು ತಂದೆಯ ಕೈಯಲ್ಲೂ ಇಲ್ಲ. ಅವನನ್ನು ದೂರಿಯೂ ಫಲವಿಲ್ಲ. ಸೊಸೆಯನ್ನಂತೂ ದೂರುವಂತೆಯೇ ಇಲ್ಲ.

ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡನಲ್ಲೂ ಏನಾದರೊಂದು ಕೊರತೆ ಕಾಣುವುದುಂಟು. ವೀರ್ಯ ಪರೀಕ್ಷೆಯಲ್ಲಿ ಕೊಯ್ಯುವುದೂ ಇಲ್ಲ, ನೋವೂ ಇಲ್ಲ. ಆದುದರಿಂದ ಸೊಸೆಯ ಜೊತೆಗೇ ಮಗನನ್ನೂ ಕಳಿಸಿ. ಹಿಂದಿನ ಎರಡು–ಮೂರು ತಿಂಗಳಲ್ಲಿ ಅವನಿಗೆ ಜೋರು ಜ್ವರ ಬಂದಿದ್ದರೆ ವೈದ್ಯರಿಗೆ ಮೊದಲೇ ತಿಳಿಸಲಿ: ಜ್ವರದ ಶಾಖಕ್ಕೆ ವೀರ್ಯಾಣುಗಳ ಸಂಖ್ಯೆ ಇಳಿದಿರಬಹುದು. ಆಗ ಒಂದೇ ಪರೀಕ್ಷೆಯನ್ನು ನೆಚ್ಚದೆ, ಮೂರು ತಿಂಗಳು ಬಿಟ್ಟು ಇನ್ನೊಮ್ಮೆ ಮಾಡಿಸಬೇಕಾಗುತ್ತದೆ.