ಸಹಿ ಬಿದ್ದಿದೆ, ಒಪ್ಪಿಗೆ ಬಂದಿಲ್ಲ



ಮಕ್ಕಳ ಹಕ್ಕುಗಳಿಗಾಗಿ ವಿಶ್ವಸಂಸ್ಥೆ 1989ರಲ್ಲಿ ಒಂದು ಒಡಂಬಡಿಕೆ ಮಾಡಿತು. ಅದರ 193 ಸದಸ್ಯ ರಾಷ್ಟ್ರಗಳಲ್ಲಿ 192 ಒಪ್ಪಿಕೊಂಡಿವೆ. ಕಡುಬಡತನದ ಸೊಮಾಲಿಯ ಕೂಡ 2015ರಲ್ಲಿ ಒಪ್ಪಿತು. ಹೊರಗುಳಿದದ್ದು ಅಮೆರಿಕವೊಂದೆ.

ಅಮೆರಿಕ 1995ರಲ್ಲಿ ಸಹಿ ಮಾಡಿತು, ನಿಜ. ಆದರೆ ಸೆನೆಟ್ಟಿನಲ್ಲಿ ಮೂರರಲ್ಲೆರಡು ಪಾಲು ಮತ ಬೇಕು. ಯಾವ ಅಧ್ಯಕ್ಷರೂ ಅದನ್ನು ಅಲ್ಲಿಗೆ ಕಳುಹಿಸಲೇ ಇಲ್ಲ. ತಂದೆತಾಯಿಗಳ ಅಧಿಕಾರವನ್ನು ಹೊರಗಿನವರು ಕಸಿಯುತ್ತಾರೆಂದು ಸೆನೆಟರ್ ಜೆಸ್ಸಿ ಹೆಲ್ಮ್ಸ್ ಮೊದಲಾದವರು ಅಡ್ಡ ನಿಂತರು. ಆ ಅಂಜಿಕೆಯನ್ನು ನಾವು ಹಗುರಾಗಿ ಕಾಣುವುದಿಲ್ಲ. ಹೆತ್ತ ಕರುಳು ಅಂಥದು. ಆದರೆ ಹೆತ್ತವರ ಹಕ್ಕು ಹೊಣೆಗಳನ್ನು ಗೌರವಿಸಬೇಕೆಂದು ಒಡಂಬಡಿಕೆಯ 5ನೆಯ ವಿಧಿಯೇ ಹೇಳುತ್ತದೆಯಲ್ಲ! ಓದಿ ಎದುರಿಸಿದವರೆಷ್ಟೋ, ಓದದೆ ಎದುರಿಸಿದವರೆಷ್ಟೋ. ಹದಿನೆಂಟು ತುಂಬುವ ಮುನ್ನ ಮಾಡಿದ ಅಪರಾಧಕ್ಕೆ ಮರಣದಂಡನೆ ಆ ದೇಶದಲ್ಲಿ 2005ರವರೆಗೂ ಇತ್ತು. ಒಡಂಬಡಿಕೆ ಅದನ್ನು ನಿಷೇಧಿಸುತ್ತದೆ.

ಅವರನ್ನು ನೋಡಿ ನಗಬೇಡಿರಿ. ನಮ್ಮ ದೇಶ 1992ರಲ್ಲಿ ಸೇರುವಾಗ, ದುಡಿಯುವ ಮಕ್ಕಳ ಮಾತನ್ನು ಮಾತ್ರ ಹಂತಹಂತವಾಗಿ ನಡೆಸುತ್ತೇವೆಂದು ಬರೆದುಕೊಟ್ಟೇ ಸೇರಿತು. ಹದಿನಾಲ್ಕು ತುಂಬದವರನ್ನು ಯಾವ ದುಡಿಮೆಗೂ ಹಚ್ಚಬಾರದೆಂಬ ಕಾನೂನು ಬಂದದ್ದು 2016ರಲ್ಲಿ. ಅದರಲ್ಲಿಯೂ ಶಾಲೆಯ ಹೊತ್ತು ಬಿಟ್ಟು ಮನೆತನದ ಕಸುಬಿಗೆ ನೆರವಾಗಬಹುದೆಂಬ ವಿನಾಯಿತಿ ಇದೆ. ಆ ಹೊತ್ತನ್ನು ನಿಮ್ಮ ಹೊಲದಲ್ಲಿ, ನಿಮ್ಮ ಅಂಗಡಿಯಲ್ಲಿ ಯಾರು ಅಳೆಯುತ್ತಿದ್ದಾರೆ?