ಬೈಗುಳದ ಗುರಿ ಮತ್ತು ಅಳತೆಗೋಲು

(ಸಂಘದ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಹೊರನಾಡಿನ ಕನ್ನಡಿಗರಾದ ನಾವು ಭಾಷೆಯ ಬಗ್ಗೆ ಮಾತನಾಡುವಾಗ ಅದರ ಉಳಿವು, ಅದರ ಸಾಹಿತ್ಯ, ಅದಕ್ಕೆ ಸಲ್ಲಬೇಕಾದ ಸ್ಥಾನಮಾನ ಇವುಗಳನ್ನೇ ಕುರಿತು ಮಾತನಾಡುವುದು ರೂಢಿ. ಅದು ಸಹಜವೂ ಹೌದು. ಇಂದು ನಾನು ತಮ್ಮ ಮುಂದಿಡಬಯಸುವುದು ಭಾಷೆಯ ಇನ್ನೊಂದು ಮುಖವನ್ನು. ಬೌದ್ಧಿಕ ವಿಕಲತೆಯುಳ್ಳವರನ್ನು, ಅಂದರೆ ನಾವು 'ಬುದ್ಧಿಮಾಂದ್ಯರು' ಎಂದು ಕರೆಯುತ್ತ ಬಂದಿರುವವರನ್ನು, ನಮ್ಮ ಮಾತು ಹೇಗೆ ನಡೆಸಿಕೊಳ್ಳುತ್ತದೆ ಎಂಬುದೇ ಆ ವಿಷಯ.

ನಮ್ಮ ದಿನನಿತ್ಯದ ಮಾತನ್ನು ಸ್ವಲ್ಪ ಕಿವಿಗೊಟ್ಟು ಕೇಳೋಣ. ಲೆಕ್ಕ ತಪ್ಪಿದ ಸಹೋದ್ಯೋಗಿಗೆ 'ನಿನಗೇನು ಬುದ್ಧಿಮಾಂದ್ಯವೆ?' ಎನ್ನುತ್ತೇವೆ. ಒಪ್ಪಿಗೆಯಾಗದ ರಾಜಕಾರಣಿಯನ್ನು 'ಮಂದಬುದ್ಧಿ' ಎಂದು ಜರೆಯುತ್ತೇವೆ. ಕಾಲೇಜಿಗೆ ಹೋಗುವ ನಮ್ಮ ಮಕ್ಕಳ ಬಾಯಲ್ಲಿ 'ಮೆಂಟಲ್', 'ಎಂ.ಆರ್.', 'ರಿಟಾರ್ಡ್' ಎಂಬ ಮಾತುಗಳು ನೀರು ಕುಡಿದಷ್ಟು ಸಲೀಸಾಗಿ ಬರುತ್ತವೆ. ಈ ಯಾವ ಸಂದರ್ಭದಲ್ಲಿಯೂ ಬೈಸಿಕೊಳ್ಳುವವನು ಬೌದ್ಧಿಕ ವಿಕಲತೆಯುಳ್ಳವನಲ್ಲ. ಬೈದವನಿಗೂ ಅದು ಗೊತ್ತು, ಬೈಸಿಕೊಂಡವನಿಗೂ ಗೊತ್ತು. ಆದ್ದರಿಂದಲೇ ಇಬ್ಬರೂ ನಕ್ಕು ಸುಮ್ಮನಾಗುತ್ತಾರೆ. ಇಲ್ಲಿ ಬೈಗುಳದ ಗುರಿ ಒಬ್ಬರು, ಅದರ ಅಳತೆಗೋಲು ಇನ್ನೊಬ್ಬರು. ಮನುಷ್ಯ ಎಷ್ಟು ಕೆಳಕ್ಕೆ ಇಳಿಯಬಹುದು ಎಂಬುದನ್ನು ತೋರಿಸಲು, ಯಾವ ತಪ್ಪೂ ಮಾಡದ, ಆ ಸ್ಥಳದಲ್ಲಿ ಇಲ್ಲವೇ ಇಲ್ಲದ ಮೂರನೆಯವನೊಬ್ಬನನ್ನು ನಾವು ಎಳೆದು ತಂದಿರುತ್ತೇವೆ. ಗುರಿಯಾದವನ ಗಾಯ ಸಂಜೆಯೊಳಗೆ ಮಾಯುತ್ತದೆ. ಅಳತೆಗೋಲಾದವನು ಮಾತ್ರ ಜೀವಮಾನವಿಡೀ ಅಳತೆಗೋಲಾಗಿಯೇ ಉಳಿಯುತ್ತಾನೆ.

ಇಂಥ ಮಾತುಗಳು ಹುಟ್ಟಿದ್ದು ಬೀದಿಯಲ್ಲಲ್ಲ, ವಿದ್ವಾಂಸರ ಕೋಣೆಯಲ್ಲಿ ಎಂಬುದು ಗಮನಿಸಬೇಕಾದ ಸಂಗತಿ. 1905ರಲ್ಲಿ ಫ್ರಾನ್ಸಿನ ಆಲ್ಫ್ರೆಡ್ ಬಿನೆ ತನ್ನ ಸಹೋದ್ಯೋಗಿ ಸಿಮೋನನೊಡನೆ ಬುದ್ಧಿಯ ಮಾಪಕವೊಂದನ್ನು ರಚಿಸಿದ. ಶಾಲೆಯಲ್ಲಿ ಹೆಚ್ಚಿನ ನೆರವು ಬೇಕಾದ ಮಕ್ಕಳನ್ನು ಗುರುತಿಸುವುದು ಅವನ ಉದ್ದೇಶವಾಗಿತ್ತು. ಆ ಮಾಪಕ ಅಮೆರಿಕಕ್ಕೆ ಹೋದಾಗ ಅದು ಶ್ರೇಣಿ ಹಚ್ಚುವ ಯಂತ್ರವಾಯಿತು. ಎರಡು ವರ್ಷದ ಮಗುವಿನಷ್ಟು ಬುದ್ಧಿಯುಳ್ಳವನು 'ಈಡಿಯಟ್', ಮೂರರಿಂದ ಏಳರವರೆಗಿನವನು 'ಇಂಬೆಸೈಲ್', ಎಂಟರಿಂದ ಹನ್ನೆರಡರವರೆಗಿನವನು 'ಮೋರಾನ್'. ಈ ಕೊನೆಯ ಶಬ್ದವನ್ನು 1910ರಲ್ಲಿ ಹೆನ್ರಿ ಗಾಡರ್ಡ್ ಎಂಬ ಮನೋವಿಜ್ಞಾನಿ ಗ್ರೀಕ್ ಮೂಲದಿಂದ ಟಂಕಿಸಿದ. ವೈದ್ಯರ ವರದಿಯಲ್ಲಿದ್ದ ಮೂರೂ ಶಬ್ದಗಳು ಬಲುಬೇಗ ಬೈಗುಳಗಳಾದವು. ಅವು ಹೊಲಸಾದವೆಂದು 'ರಿಟಾರ್ಡೆಡ್' ಎಂಬ ಸೌಮ್ಯ ಶಬ್ದವನ್ನು ತಂದರು, ಅದೂ ಬೈಗುಳವಾಯಿತು. 2010ರಲ್ಲಿ ಅಮೆರಿಕ ತನ್ನ ಹಲವು ಕೇಂದ್ರ ಕಾನೂನುಗಳಿಂದ ಆ ಶಬ್ದವನ್ನು ತೆಗೆದುಹಾಕಿತು.

ಈ ಮಾಪಕಕ್ಕೂ ಕನ್ನಡಕ್ಕೂ ಹತ್ತಿರದ ಸಂಬಂಧವಿದೆ. ಮುಂಬಯಿ ಪ್ರಾಂತ ಇನ್ನೂ ಒಂದಾಗಿದ್ದ ಕಾಲದಲ್ಲಿ ವಿ. ವಿ. ಕಾಮತ್ ಅವರು ಅದನ್ನು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗೆ ಹೊಂದುವಂತೆ ಪರಿಷ್ಕರಿಸಿದರು. ಅದಕ್ಕೆ ಮುಂಬಯಿ-ಕರ್ನಾಟಕ ಪರಿಷ್ಕರಣವೆಂದೇ ಹೆಸರು. ಮಗುವಿನ ಬುದ್ಧಿಯನ್ನು ಅದರ ತಾಯಿನುಡಿಯಲ್ಲಿಯೇ ಅಳೆಯಬೇಕು ಎಂಬ ನ್ಯಾಯಬುದ್ಧಿ ಆ ಶ್ರಮದ ಹಿಂದಿತ್ತು. ಪರಭಾಷೆಯ ಪ್ರಶ್ನೆಗೆ ಉತ್ತರಿಸಲಾರದ ಮಗು ದಡ್ಡ ಮಗುವಲ್ಲ ಎಂಬುದನ್ನು ಹೊರನಾಡಿನ ತಂದೆತಾಯಿಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಶಬ್ದದ ಕಥೆ ಇದಕ್ಕಿಂತ ವಿಚಿತ್ರವಾದುದು. ಇಂದು ಡೌನ್ ಸಿಂಡ್ರೋಮ್ ಎನ್ನುವ ಸ್ಥಿತಿಯನ್ನು 1866ರಲ್ಲಿ ವರ್ಣಿಸಿದ ಇಂಗ್ಲೆಂಡಿನ ವೈದ್ಯ ಜಾನ್ ಲ್ಯಾಂಗ್‌ಡನ್ ಡೌನ್, ಆ ಮಕ್ಕಳ ಮುಖಲಕ್ಷಣ ನೋಡಿ ಅವರನ್ನು ಮಂಗೋಲ್ ಜನಾಂಗಕ್ಕೆ ಹೋಲಿಸಿದ. ನೂರು ವರ್ಷ ಆ ಹೆಸರೇ ನಡೆಯಿತು. ಅದರ ಕಾರಣ ಹೆಚ್ಚುವರಿ ವರ್ಣತಂತುವೊಂದು ಎಂಬುದು 1959ರಲ್ಲಿ ಪ್ರಕಟವಾಯಿತು. ಆದರೂ ಹೆಸರು ಹೋಗಲಿಲ್ಲ. 1965ರಲ್ಲಿ ಮಂಗೋಲಿಯಾ ದೇಶ ಕೇಳಿಕೊಂಡ ಮೇಲೆ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಕೈಬಿಟ್ಟಿತು. ಒಂದು ರಾಷ್ಟ್ರಕ್ಕೆ ತನ್ನ ಮಾನವನ್ನು ಕಾಯ್ದುಕೊಳ್ಳಲು ಪ್ರತಿನಿಧಿಗಳಿದ್ದರು. ಆ ಹೆಸರನ್ನು ಹೊತ್ತು ತಿರುಗಿದ ಮಕ್ಕಳಿಗೆ ಅಂಥ ಪ್ರತಿನಿಧಿಗಳು ಯಾರಿದ್ದರು?

ಈಗ ನಮ್ಮ ಕನ್ನಡಕ್ಕೆ ಬರೋಣ. 'ಮಂದ' ಎಂಬುದು ನಮ್ಮಲ್ಲಿ ಕೆಟ್ಟ ಶಬ್ದವಲ್ಲ. ಮಂದಮಾರುತ, ಮಂದಹಾಸ, ಮಂದಗಮನೆ, ಇವೆಲ್ಲ ಕವಿಗಳು ಮೆಚ್ಚಿದ ಶಬ್ದಗಳು. ಗಾಳಿಗೂ ನಗೆಗೂ ನಡಿಗೆಗೂ ಶೋಭೆ ತರುವ ನಿಧಾನ ಬುದ್ಧಿಯ ಪಕ್ಕದಲ್ಲಿ ಕುಳಿತೊಡನೆ ನಿಂದೆಯಾಗುತ್ತದೆ. 'ಮುಗ್ಧ' ಮತ್ತು 'ಮೂಢ' ಎರಡೂ ಸಂಸ್ಕೃತದ 'ಮುಹ್' ಎಂಬ ಒಂದೇ ಧಾತುವಿನಿಂದ ಬಂದ ರೂಪಗಳು. ನಮಗೆ ಪ್ರಿಯನಾದವನು ಮುಗ್ಧನಾಗುತ್ತಾನೆ, ಬೇಡವಾದವನು ಮೂಢನಾಗುತ್ತಾನೆ. ಶಬ್ದ ಎಲ್ಲಿಂದ ಹುಟ್ಟಿತು ಎಂಬುದಕ್ಕಿಂತ, ಆಡುವವನು ಎಲ್ಲಿ ನಿಂತು ಆಡುತ್ತಾನೆ ಎಂಬುದೇ ಮುಖ್ಯವೆಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಿಲ್ಲ.

ಹೊಸ ಶಬ್ದಗಳಿಂದ ಈ ತೊಡಕು ಬಿಡಿಸಿಹೋಗಿದೆಯೆಂದು ಹೇಳುವಂತಿಲ್ಲ. 'ಅಂಗವಿಕಲ' ಎನ್ನುವುದು ಕಠೋರವೆನಿಸಿ, ಕರ್ನಾಟಕದ ಸರಕಾರಿ ಕಡತಗಳಲ್ಲಿ 'ವಿಕಲಚೇತನ' ಎಂಬ ಶಬ್ದ ಬಳಕೆಗೆ ಬಂತು. ಅದರ ಅರ್ಥವನ್ನು ನಿಧಾನವಾಗಿ ಯೋಚಿಸಿ. ಒಂದು ಕಾಲು ಕುಂಟಾದವನ ಅಂಗ ವಿಕಲವಾಗಿರಬಹುದು, ಅವನ ಚೇತನವೇ ವಿಕಲವಾಗಿದೆಯೆಂದು ಹೇಳುವ ಅಧಿಕಾರ ಯಾರಿಗಿದೆ? ಆಮೇಲೆ 'ವಿಶೇಷಚೇತನ' ಬಂತು. 2015ರ ಕೊನೆಯಲ್ಲಿ ಪ್ರಧಾನಮಂತ್ರಿಗಳು 'ದಿವ್ಯಾಂಗ' ಎಂಬ ಶಬ್ದವನ್ನು ಸೂಚಿಸಿದರು. ವಿಕಲತೆಯುಳ್ಳವರ ಹಕ್ಕುಗಳಿಗಾಗಿ ದುಡಿಯುವ ಅನೇಕರು ಅದನ್ನು ಒಪ್ಪಲಿಲ್ಲ. ನಮಗೆ ದೈವತ್ವ ಬೇಡ, ಸಮಾನತೆ ಸಾಕು ಎಂಬುದು ಅವರ ವಾದದ ತಿರುಳು. ನಲವತ್ತು ವರ್ಷದವನನ್ನು 'ದೇವರ ಮಗು' ಎನ್ನುವುದೂ ಒಂದು ಬಗೆಯಲ್ಲಿ ಅವನನ್ನು ನಮ್ಮ ಪಂಕ್ತಿಯಿಂದ ಎಬ್ಬಿಸಿದಂತೆಯೇ.

ಇನ್ನು ಹುಚ್ಚಿಗೂ ಬೌದ್ಧಿಕ ವಿಕಲತೆಗೂ ನಾವು ಮಾಡುವ ಗೊಂದಲವನ್ನು ನೋಡಿ. ಉತ್ತರ ಕರ್ನಾಟಕದವರು 'ಧಾರವಾಡಕ್ಕೆ ಕಳಿಸಬೇಕು' ಎನ್ನುತ್ತಾರೆ, ಬೆಂಗಳೂರಿನವರು 'ನಿಮ್ಹಾನ್ಸ್ ಕೇಸು' ಎನ್ನುತ್ತಾರೆ. ನಾವು ವಲಸೆ ಬಂದ ಊರುಗಳಲ್ಲಿ ಈ ವಿಳಾಸ ಬದಲಾಗುತ್ತದೆ, ಅಷ್ಟೆ. ಮುಂಬಯಿಯವರಿಗೆ ಠಾಣೆ, ಪುಣೆಯವರಿಗೆ ಯರವಾಡ, ಹೈದರಾಬಾದಿನವರಿಗೆ ಎರ್ರಗಡ್ಡ, ಚೆನ್ನೈಯವರಿಗೆ ಕೀಲ್ಪಾಕ್, ದಿಲ್ಲಿಯವರಿಗೆ ಆಗ್ರಾ. ಹೊಸ ಊರಿನ ಭಾಷೆ ಕಲಿಯುವ ಮೊದಲೇ ಅಲ್ಲಿಯ ಈ ಗೇಲಿಯನ್ನು ಕಲಿತುಬಿಡುತ್ತೇವೆ. ಮನೋರೋಗ ಯಾವ ವಯಸ್ಸಿನಲ್ಲಾದರೂ ಬರಬಹುದು, ಚಿಕಿತ್ಸೆಯಿಂದ ಬಹಳಷ್ಟು ಮಟ್ಟಿಗೆ ಹತೋಟಿಗೂ ಬರುತ್ತದೆ. ಬೌದ್ಧಿಕ ವಿಕಲತೆ ಹುಟ್ಟಿನಿಂದಲೋ ಬಾಲ್ಯದಿಂದಲೋ ಇರುವ ಸ್ಥಿತಿ. ಅದಕ್ಕೆ ಬೇಕಾದುದು ಶಿಕ್ಷಣ, ತರಬೇತಿ, ಆಸರೆ. ಎರಡನ್ನೂ ಒಂದೇ ಗೋಣಿಚೀಲದಲ್ಲಿ ತುಂಬಿ ನಗುವುದರಿಂದ ಇಬ್ಬರಿಗೂ ಅನ್ಯಾಯ. ಇದರಲ್ಲಿ ಸರಕಾರವೂ ಹಿಂದೆ ಬಿದ್ದಿರಲಿಲ್ಲ. 1912ರ ಬ್ರಿಟಿಷ್ ಕಾಯಿದೆ ಇಬ್ಬರನ್ನೂ ಒಂದೇ ವ್ಯಾಖ್ಯೆಯಲ್ಲಿ ಸೇರಿಸಿತ್ತು. 2001ರ ಜನಗಣತಿಯಲ್ಲಿಯೂ ಇಬ್ಬರಿಗೂ ಒಂದೇ ಕಲಮು. 2011ರಲ್ಲಿ ಕಲಮು ಬೇರೆಯಾದಾಗ ಬೌದ್ಧಿಕ ವಿಕಲತೆಯುಳ್ಳವರು ಸುಮಾರು 15 ಲಕ್ಷ, ಮನೋರೋಗಿಗಳು ಸುಮಾರು 7 ಲಕ್ಷ ಎಂದು ದಾಖಲಾಯಿತು.

ಕಾನೂನು ಈಚೆಗೆ ಎಚ್ಚತ್ತಿದೆ. 2016ರ ವಿಕಲತೆಯುಳ್ಳ ವ್ಯಕ್ತಿಗಳ ಹಕ್ಕುಗಳ ಅಧಿನಿಯಮದ 92ನೆಯ ಕಲಮಿನ ಪ್ರಕಾರ, ಅಂಥ ವ್ಯಕ್ತಿಯನ್ನು ಹೀನಾಯಗೊಳಿಸುವ ಉದ್ದೇಶದಿಂದ ಸಾರ್ವಜನಿಕರ ಕಣ್ಣೆದುರು ಅವಮಾನಿಸಿದರೆ ಆರು ತಿಂಗಳಿಗೆ ಕಡಿಮೆಯಿಲ್ಲದ, ಐದು ವರ್ಷದವರೆಗಿನ ಸೆರೆವಾಸ ಮತ್ತು ದಂಡ. 2024ರ ಜುಲೈಯಲ್ಲಿ ಹಿಂದಿ ಚಲನಚಿತ್ರವೊಂದನ್ನು ಕುರಿತ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ, ವಿಕಲತೆಯನ್ನು ಅರ್ಥಮಾಡಿಸುವ ಹಾಸ್ಯವೇ ಬೇರೆ, ವಿಕಲತೆಯುಳ್ಳವರನ್ನು ಕುಗ್ಗಿಸುವ ಹಾಸ್ಯವೇ ಬೇರೆ ಎಂಬ ಗೆರೆಯನ್ನು ಎಳೆಯಿತು. ಆದರೆ ನಾನು ಆರಂಭದಲ್ಲಿ ಹೇಳಿದ ಬೈಗುಳವನ್ನು ಈ ಕಲಮು ಮುಟ್ಟಲಾರದು. ಏಕೆಂದರೆ ಅಲ್ಲಿ ಅವಮಾನಿತನು ಎದುರಿಗೇ ಇಲ್ಲ. ಅದನ್ನು ತಿದ್ದಬೇಕಾದುದು ನಮ್ಮ ನಾಲಗೆಯೇ.

ಹಾಗಾದರೆ ಪೆದ್ದ, ದಡ್ಡ, ಬೆಪ್ಪುತಕ್ಕಡಿ ಎಂಬ ಮಾತುಗಳನ್ನೆಲ್ಲ ನಿಘಂಟಿನಿಂದ ಕಿತ್ತುಹಾಕಬೇಕೆ ಎಂದು ತಾವು ಕೇಳಬಹುದು. ಅದು ನ್ಯಾಯವಾದ ಪ್ರಶ್ನೆ. ಬೇಡ ಎಂಬುದೇ ನನ್ನ ಉತ್ತರ. ದಡ್ಡತನ ನಾವೆಲ್ಲರೂ ಆಗಾಗ ಮಾಡುವ ಕೆಲಸ. ಅಜ್ಜಿ ಮೊಮ್ಮಗನನ್ನು 'ಪೆದ್ದು' ಎಂದರೆ ಅಲ್ಲಿ ಮುದ್ದಿದೆ. ಒಬ್ಬನ ಕೃತ್ಯವನ್ನು ಹಳಿಯುವ ಮಾತು ಬೇರೆ, ಒಬ್ಬನ ಹುಟ್ಟುಸ್ಥಿತಿಯ ಹೆಸರನ್ನೇ ಹಳಿಯುವ ಮಾತಾಗಿಸುವುದು ಬೇರೆ. ವೈದ್ಯರ ಚೀಟಿಯಲ್ಲಿ ಒಂದು ಮಗುವಿನ ಹೆಸರಿನ ಮುಂದೆ ಬರೆದ ಶಬ್ದವನ್ನು ಇನ್ನೊಬ್ಬನ ಮುಖಕ್ಕೆ ಎಸೆಯಬಾರದು ಎಂಬಷ್ಟೇ ನನ್ನ ಬೇಡಿಕೆ.

ನಮ್ಮ ಪರಂಪರೆ ಇಂಥವರನ್ನು ಗೌರವಿಸಿದೆಯೆಂದು ಕೆಲವರು ಭಾಗವತದ ಜಡಭರತನನ್ನು ಉದಾಹರಿಸುವುದುಂಟು. ಇರುವೆಗಳನ್ನು ತುಳಿಯದಂತೆ ಹೆಜ್ಜೆಯಿಡುತ್ತ ಪಲ್ಲಕ್ಕಿ ಹೊತ್ತ ಅವನನ್ನು ರಹೂಗಣ ರಾಜ ಗೇಲಿ ಮಾಡುತ್ತಾನೆ, ಅವನು ಬ್ರಹ್ಮಜ್ಞಾನಿಯೆಂದು ತಿಳಿದ ಮೇಲೆ ಕಾಲಿಗೆರಗುತ್ತಾನೆ. ಕಥೆ ಸುಂದರವಾಗಿದೆ. ಆದರೆ ರಾಜನು ಎರಗಿದ್ದು ಜ್ಞಾನಕ್ಕೆ. ಪಲ್ಲಕ್ಕಿ ಹೊತ್ತವನು ನಿಜವಾಗಿಯೂ ಬುದ್ಧಿ ಕಡಿಮೆಯಿದ್ದವನೇ ಆಗಿದ್ದರೆ? ಆ ಗೇಲಿ ಸರಿಯಾಗುತ್ತಿತ್ತೆ? ಕೊನೆಗೆ ಮಹಾಪಂಡಿತನಾಗಿ ಹೊರಬರುವವನಿಗೆ ಮಾತ್ರ ಮರ್ಯಾದೆ ಕೊಡುವುದಾದರೆ, ನಾವು ಮರ್ಯಾದೆ ಕೊಟ್ಟದ್ದು ಮನುಷ್ಯನಿಗಲ್ಲ.

ಈ ವಿಷಯವನ್ನು ಹೊರನಾಡಿನ ಸಭೆಯಲ್ಲಿಯೇ ಎತ್ತಲು ಕಾರಣವಿದೆ. ಒಂದು ಹೆಸರಿನ ಭಾರವೇನೆಂಬುದು ನಮಗೆ ಅನುಭವದಿಂದ ಗೊತ್ತು. ಮುಂಬಯಿಯಲ್ಲಿ, ದಿಲ್ಲಿಯಲ್ಲಿ ಕನ್ನಡಿಗ, ತಮಿಳ, ಮಲಯಾಳಿ ಎಂಬ ಭೇದವಿಲ್ಲದೆ 'ಮದ್ರಾಸಿ' ಎನಿಸಿಕೊಂಡವರು ನಾವು. 1960ರ ದಶಕದ ಮುಂಬಯಿಯಲ್ಲಿ ದಕ್ಷಿಣದವರ ಹೋಟೆಲುಗಳ ಮೇಲೆ ಕಲ್ಲು ಬಿದ್ದುದನ್ನು ಹಿರಿಯರು ಮರೆತಿಲ್ಲ. ನಾವು ಸಂಘ ಕಟ್ಟಿದೆವು, ಪತ್ರಿಕೆ ನಡೆಸಿದೆವು, ನಮ್ಮ ಹೆಸರನ್ನು ನಾವೇ ಹೇಳಿಕೊಂಡೆವು. ಬೌದ್ಧಿಕ ವಿಕಲತೆಯುಳ್ಳವರೂ ಅದನ್ನೇ ಮಾಡುತ್ತಿದ್ದಾರೆ. 1974ರಲ್ಲಿ ಅಮೆರಿಕದ ಆರೆಗಾನ್ ರಾಜ್ಯದಲ್ಲಿ ಅವರೇ ಸಮ್ಮೇಳನ ನಡೆಸಿ, ತಾವು ಮೊದಲು ಮನುಷ್ಯರು ಎಂಬ ಅರ್ಥದ ಹೆಸರನ್ನು ತಮ್ಮ ಸಂಘಟನೆಗೆ ಇಟ್ಟುಕೊಂಡರು. ಅವರಿಗೆ ಮಾತಿಲ್ಲವೆಂದು ತಿಳಿದಿದ್ದವರು ಕೇಳುವ ಕಿವಿಯಿಲ್ಲದವರಾಗಿದ್ದರು, ಅಷ್ಟೆ.

ನಮ್ಮ ಸಂಘಗಳ ಸದಸ್ಯ ಕುಟುಂಬಗಳಲ್ಲಿಯೂ ಇಂಥ ಮಕ್ಕಳಿದ್ದಾರೆ. ಅವರನ್ನು ಈ ಸಭಾಂಗಣದಲ್ಲಿ ನೋಡುವುದು ಅಪರೂಪ. ರಾಜ್ಯೋತ್ಸವದ ನಾಟಕದಲ್ಲಿ ಬಾಯಿ ಸೊಟ್ಟ ಮಾಡಿಕೊಂಡು ತೊದಲುವ ಪೆದ್ದ ಆಳಿನ ಪಾತ್ರಕ್ಕೆ ಸಭೆಯೆಲ್ಲ ಚಪ್ಪಾಳೆ ತಟ್ಟುವಾಗ, ಅಂಥ ಮಗುವಿನ ತಾಯಿ ಎಲ್ಲಿ ಕುಳಿತುಕೊಳ್ಳಬೇಕು? ಅವಳು ಮುಂದಿನ ವರ್ಷ ಬರುವುದಿಲ್ಲ. ಪೂರ್ವಜನ್ಮದ ಪಾಪವೆಂಬ ಪಿಸುಮಾತನ್ನು ಅವಳು ಊರಿನಲ್ಲಿಯೇ ಸಾಕಷ್ಟು ಕೇಳಿ ಬಂದಿರುತ್ತಾಳೆ. ಜೊತೆಗೆ ಇನ್ನೊಂದು ನಷ್ಟವಿದೆ. ಎರಡು ಭಾಷೆ ಮಗುವಿಗೆ ಹೊರೆಯಾಗುತ್ತದೆಂದು ಮನೆಯಲ್ಲಿ ಕನ್ನಡ ಬಿಡುವಂತೆ ಕೆಲವು ತಂದೆತಾಯಿಗಳಿಗೆ ಸಲಹೆ ಸಿಗುತ್ತದೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳನ್ನು ಕುರಿತ ಅಧ್ಯಯನಗಳು ಈ ಭಯಕ್ಕೆ ಆಧಾರ ಒದಗಿಸಿಲ್ಲ. ಅಜ್ಜಿಯೊಡನೆ ಆಡಲು ಆ ಮಗುವಿಗೆ ಇರುವುದು ಕನ್ನಡವೊಂದೇ. ಅದನ್ನೂ ಕಸಿದುಕೊಂಡರೆ ಅದು ಮನೆಯಲ್ಲಿಯೇ ಪರಕೀಯವಾಗುತ್ತದೆ.

ಆದ್ದರಿಂದ ಸಂಘದ ಮುಂದೆ ಮೂರು ವಿನಂತಿಗಳನ್ನು ಇಡುತ್ತೇನೆ. ನಮ್ಮ ರಂಗದ ಮೇಲೆ ಬುದ್ಧಿಯ ಕೊರತೆಯನ್ನು ನಗೆಯ ಸರಕಾಗಿಸುವ ನಾಟಕ, ಪ್ರಹಸನಗಳನ್ನು ಆರಿಸದಿರೋಣ. ನಮ್ಮ ಪತ್ರಿಕೆಯಲ್ಲಿ ರಾಜಕೀಯ ಟೀಕೆ ಎಷ್ಟೇ ತೀಕ್ಷ್ಣವಾಗಿರಲಿ, ವಿಕಲತೆಯ ಹೆಸರನ್ನು ಬೈಗುಳವಾಗಿ ಅಚ್ಚುಮಾಡದಿರೋಣ. ಮೂರನೆಯದಾಗಿ, ಆ ಕುಟುಂಬಗಳ ಮನೆಗೆ ಹೋಗಿ ಕರೆಯೋಣ. ಸುಗಮ ಸಂಗೀತಕ್ಕೆ ಅವರ ಮಗನೂ ಬರಲಿ, ನಡುವೆ ಗಟ್ಟಿಯಾಗಿ ನಕ್ಕರೆ ನಗಲಿ. ಅವನನ್ನು ಯಾವ ಶಬ್ದದಿಂದ ಕರೆಯಬೇಕೆಂಬ ಗೊಂದಲ ಆಗ ಬಹುಪಾಲು ತಾನಾಗಿ ಬಗೆಹರಿಯುತ್ತದೆ. ಏಕೆಂದರೆ ಪರಿಚಯವಾದವನನ್ನು ನಾವು ಅವನ ಹೆಸರಿನಿಂದಲೇ ಕರೆಯುತ್ತೇವೆ.