ರಾಗಿಯಲ್ಲಿ ಸಕ್ಕರೆ ಇಲ್ಲವೇ?

ಜಿನನಾಥಪುರ, ಚನ್ನರಾಯಪಟ್ಟಣ, ಅರಕಲಗೂಡು, ಹೊಳೆನರಸೀಪುರ, ಎಲ್ಲಿಗೆ ಹೋದರೂ ಒಂದೇ ಪ್ರಶ್ನೆ: "ದಿನಾ ಮುದ್ದೆ ಉಣ್ಣೋರು ನಾವು. ರಾಗೀಲಿ ಸಕ್ಕರೆ ಇಲ್ವಲ್ಲ, ಶುಗರ್ ಹೆಂಗೆ ಏರ್ತು?"

ಇಲ್ಲ ಅಂದವರು ಯಾರು? 100 ಗ್ರಾಂ ರಾಗಿಯಲ್ಲಿ 60 ಗ್ರಾಮಿನಷ್ಟು ಪಿಷ್ಟವೇ ಇದೆ. ಪಿಷ್ಟವೆಂದರೆ ಗ್ಲೂಕೋಸನ್ನು ಮಣಿಗಳಂತೆ ಪೋಣಿಸಿದ ಸರ. ಬಿಡಿ ಗ್ಲೂಕೋಸನ್ನೇ ಕೂಡಿಟ್ಟರೆ ಜೀವಕೋಶದೊಳಕ್ಕೆ ನೀರು ನುಗ್ಗುತ್ತದೆ, ಅದಕ್ಕೇ ಗಿಡ ಸರ ಮಾಡಿಡುತ್ತದೆ. ನಮ್ಮ ಯಕೃತ್ತು, ಸ್ನಾಯುಗಳಲ್ಲೂ ಇದೇ ಏರ್ಪಾಟು. ಅಲ್ಲಿ ಅದು ಗ್ಲೈಕೋಜನ್, ಕವಲುಗಳು ಇನ್ನೂ ಹೆಚ್ಚು.

ರಾಗಿ ಹುಲ್ಲಿನ ಸೆಲ್ಯುಲೋಸ್ ಕೂಡ ಗ್ಲೂಕೋಸೇ. ಆದರೆ ಒಂದು ನೆಟ್ಟಗಿದ್ದರೆ ಅದರ ಪಕ್ಕದ್ದು ತಲೆಕೆಳಗು. ಇಷ್ಟರಿಂದಲೇ ಪಿಷ್ಟ ಸುರುಳಿಯಾದರೆ, ಸೆಲ್ಯುಲೋಸ್ ನೀಳ ಎಳೆಗಳಾಗಿ ಒತ್ತೊತ್ತಾಗಿ ಸೇರಿ ಜೀವಕೋಶಕ್ಕೆ ಗೋಡೆಯಾಗುತ್ತದೆ. ನಮ್ಮ ಜೊಲ್ಲಿನ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಕತ್ತರಿಸುತ್ತದೆ, ಈ ಗೋಡೆಗೆ ಅದರ ಆಟ ನಡೆಯದು. ಹಸುವಿನ ಹೊಟ್ಟೆಯಲ್ಲಿ ಅದನ್ನು ಮುರಿಯುವ ಸೂಕ್ಷ್ಮಜೀವಿಗಳಿವೆ, ನಮಗೆ ಆ ಭಾಗ್ಯವಿಲ್ಲ. ಸಿಪ್ಪೆ ಸಮೇತ ಬೀಸಿದ ಹಿಟ್ಟಿನಲ್ಲಿ ಸಿಪ್ಪೆಯ ಈ ಸೆಲ್ಯುಲೋಸ್ ನಾರು ಪಿಷ್ಟಕ್ಕೆ ಅಡ್ಡ ನಿಂತು ಜೀರ್ಣವನ್ನು ನಿಧಾನ ಮಾಡುತ್ತದೆ. ನೀವೋ, ಮುದ್ದೆ ನಯವಾಗಲಿ ಎಂದು ಸಣ್ಣ ಕಣ್ಣಿನ ಜರಡಿ ಹಿಡಿದು ಅದನ್ನೇ ಆಚೆ ಹಾಕುತ್ತೀರಿ!

ಇನ್ನು ಮೊಳಕೆ ರಾಗಿ ಗಂಜಿ. ಇದನ್ನು ಹೇಳದೆ ನಾನು ಏಳುವುದಿಲ್ಲ. ಮೊಳಕೆಗೆ ಊಟ ಬೇಕು, ಅದಕ್ಕಾಗಿ ಕಾಳು ತಾನೇ ಅಮೈಲೇಸ್ ತಯಾರಿಸಿ ಪಿಷ್ಟದ ಸರವನ್ನು ತುಂಡು ಮಾಡತೊಡಗುತ್ತದೆ. ಹಿಟ್ಟು ಜಾಸ್ತಿ ಹಾಕಿದರೂ ಗಂಜಿ ತೆಳ್ಳಗೇ ಇರುವುದು, ಕೊಂಚ ಸಿಹಿಯಾಗುವುದು ಇದರಿಂದಲೇ. ಎಳೆ ಮಗುವಿಗೆ ಬಹಳ ಒಳ್ಳೆಯದು. ಶುಗರ್ ಇರುವವರಿಗೆ? ಹೊಟ್ಟೆ ಮಾಡಬೇಕಾದ ಅರ್ಧ ಕೆಲಸ ಪಾತ್ರೆಯಲ್ಲೇ ಮುಗಿದಿರುತ್ತದೆ. ಮತ್ತೆ ಹೇಳುತ್ತೇನೆ: ಕತ್ತರಿಸಿಟ್ಟ ಪಿಷ್ಟ ಬೇಗ ಗ್ಲೂಕೋಸಾಗಿ ರಕ್ತ ಸೇರುತ್ತದೆ. ನಮ್ಮ ಚಿಕ್ಕಪ್ಪ ದೊಡ್ಡ ಲೋಟದ ತುಂಬ ಇದೇ ಮೊಳಕೆ ರಾಗಿ ಮಾಲ್ಟ್ ಕುಡಿದು, ಶುಗರ್ ಇಳಿಯಲಿಲ್ಲವೆಂದು ಮಾತ್ರೆಯನ್ನು ಬೈಯುತ್ತಿದ್ದರು. "ಅದು ರಾಗಿ ಕಣೋ" ಎಂದು ನನಗೇ ಪಾಠ ಬೇರೆ!

ಆಲೂಗೆಡ್ಡೆ ಬಿಟ್ಟೆವೆಂದು ಎರಡನೇ ಮುದ್ದೆಗೆ ಕೈ ಹಾಕುವವರೂ ಇದ್ದಾರೆ. ಗೆಡ್ಡೆಯಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ನೀರು, ಒಣ ಹಿಟ್ಟಿನಲ್ಲಿ ಪಿಷ್ಟವೇ ಜಾಸ್ತಿ.

ಹೊತ್ತಾಯಿತು, ಬೇಗ ಹೇಳಿಬಿಡುತ್ತೇನೆ. ಹಿಟ್ಟನ್ನು ಸಣ್ಣ ಜರಡಿ ಹಿಡಿಯಬೇಡಿ. ಮುದ್ದೆ ಚಿಕ್ಕದಿರಲಿ, ಬಸ್ಸಾರಿನ ಸೊಪ್ಪು, ಕಾಳು ಜಾಸ್ತಿ ಇರಲಿ. ಊಟವಾಗಿ ಎರಡು ಗಂಟೆಗೆ ರಕ್ತ ಪರೀಕ್ಷೆ ಮಾಡಿಸಿ. ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ.